ಯುವ ಅವಮಾನ ಸಮಾವೇಶ

ನಮ್ಮೂರಿನಲ್ಲಿ ಯಾರೂ ‘ಮಳೆ ಬಂತು’ ಎನ್ನುವುದಿಲ್ಲ. ‘ಮಳೆಯವರು ಬಂದರು’ ಎನ್ನುತ್ತೇವೆ. ಬಿಸಿಲಿನವರು ಏರಿದರು, ಗಾಳಿಯವರು ಬೀಸಿದರು, ಮಂಜಿನವರು ಇನ್ನೂ ಎದ್ದಿಲ್ಲ. ಏಕವಚನ ಬಳಸಿದರೆ ಅವರಿಗೆ ಆಗುವುದಿಲ್ಲ. ಒಮ್ಮೆ ಬಸ್ಸಿನ ಡ್ರೈವರ್ ಚೌಡಯ್ಯ ಬೆಳಗಿನ ಟ್ರಿಪ್ಪಿನಲ್ಲಿ ದಾರಿ ಕಾಣದೆ, “ಥೂ ಮಂಜೇ, ಅತ್ಲಾಗ್ ಓಗು” ಅಂದುಬಿಟ್ಟ. ಮಂಜಿನವರು ಅತ್ತ ಹೋಗಲಿಲ್ಲ, ಬಸ್ಸಿನೊಳಗೇ ಬಂದು ಕೂತರು. ಹನ್ನೊಂದು ದಿನ ಇದ್ದರು. ಕಂಡಕ್ಟರ್ ಯಾರ ಕೈ ಯಾರದೆಂದು ತಿಳಿಯದೆ ತನಗೇ ಎರಡು ಸಲ ಟಿಕೆಟ್ ಹರಿದುಕೊಂಡ. ಇನ್ನೊಮ್ಮೆ ಮದುವೆ ಮನೆಯ ಅಡುಗೆಯವನು ಬೆವರು ಒರೆಸಿಕೊಳ್ಳುತ್ತ, “ಗಾಳಿ ಸತ್ತೋಯ್ತಾ?” ಅಂದದ್ದಕ್ಕೆ, ಗಾಳಿಯವರು ಇಡೀ ಶಾಮಿಯಾನವನ್ನು ಎತ್ತಿಕೊಂಡು ಹೋಗಿ ಪಕ್ಕದ ತಾಲ್ಲೂಕಿನ ಒಂದು ತಿಥಿಯ ಮನೆಗೆ ಹಾಕಿದರು. ತಿಥಿಯವರು ಬಾಡಿಗೆ ಉಳಿಯಿತೆಂದು ಸುಮ್ಮನಿದ್ದರು.

ನಮ್ಮೂರಿಗೆ ಇನ್ನೊಂದು ವಿಶೇಷ ಉಂಟು. ನಮ್ಮ ಬಾಯಲ್ಲಿ ಹಕಾರ ಹೊರಡುವುದಿಲ್ಲ. ಹಾಲಿಗೆ ಆಲು, ಹಕ್ಕಿಗೆ ಅಕ್ಕಿ. ಇದಕ್ಕೂ ಆಕಾಶಕ್ಕೂ ಏನೂ ಸಂಬಂಧವಿಲ್ಲ, ತಾತ ಮುತ್ತಾತಂದಿರ ಕಾಲದಿಂದ ನಾಲಿಗೆ ಸೋಮಾರಿ, ಅಷ್ಟೆ. ಆದರೆ ನಾನು ಈಗ ಹೇಳಲಿರುವ ರಾದ್ಧಾಂತಕ್ಕೆಲ್ಲ ಆ ಸೋಮಾರಿತನವೇ ಮೂಲ.

ನಾನು ಚೆಲುವಾಂಬೆ. ಊರಿನ ಡಿಗ್ರಿ ಕಾಲೇಜಿನಲ್ಲಿ ಆಗ ಕೊನೆಯ ವರ್ಷದ ಬಿ.ಎಸ್ಸಿ. ಓದುತ್ತಿದ್ದೆ. ನನ್ನದು ಹುಟ್ಟಾ ಏಕವಚನದ ನಾಲಿಗೆ. ಚಿಕ್ಕಂದಿನಲ್ಲಿ ಮೋಡ ಕವಿದರೆ ಸಾಕು, ನಮ್ಮವ್ವ ನನ್ನ ಬಾಯಿಗೆ ಒಂದು ಅಚ್ಚು ಬೆಲ್ಲ ತುರುಕಿ ಒಳಗೆ ಕೂರಿಸುತ್ತಿದ್ದಳು. ನನ್ನ ಹಲ್ಲುಗಳು ಹಾಳಾದದ್ದು ಊರಿನ ಬೆಳೆಗಾಗಿ ಎಂದು ನಾನು ಈಗಲೂ ಹೇಳಿಕೊಳ್ಳುತ್ತೇನೆ.

ನಮ್ಮ ಕಾಲೇಜಿನ ಪರಿಸರ ಸಂಘ ನೋಡಿಕೊಳ್ಳುತ್ತಿದ್ದವರು ಭೂಗೋಳದ ಮರಿಮಾದಯ್ಯ ಮೇಷ್ಟ್ರು. ಆ ಸಂಘದ ಕೆಲಸವೆಂದರೆ ವರ್ಷಕ್ಕೊಂದು ಗಿಡ ನೆಡುವುದು. ಅದೇ ಗುಂಡಿ, ಅದೇ ಹಾರೆ, ಅದೇ ಫೋಟೊ, ಗಿಡ ಮಾತ್ರ ಬೇರೆ. ಮೇಷ್ಟ್ರಂಥ ಮರ್ಯಾದಸ್ಥರು ಇನ್ನೊಬ್ಬರಿಲ್ಲ. ಮಳೆ ಬಿಸಿಲಿಗೆ ಬಹುವಚನ ಎಲ್ಲರೂ ಹಾಕುತ್ತಾರೆ. ಮೇಷ್ಟ್ರು ಯಾತಕ್ಕೂ ಅಪಾಯ ಬೇಡವೆಂದು ಸಕಲ ಚರಾಚರಕ್ಕೂ ಹಾಕುತ್ತಿದ್ದರು. ಕಾಲೇಜಿನ ಬಾಗಿಲಿಗೆ ಅಡ್ಡ ಮಲಗಿದ ನಾಯಿಗೆ, “ಸ್ವಲ್ಪ ಸರ್ಕೋತೀರಾ?” ಅನ್ನುತ್ತಿದ್ದರು. ಹೆಂಡತಿಗೆ ನೀವು, ಸೊಳ್ಳೆಗೆ ನೀವು, ನನಗೆ ಚೆಲುವಾಂಬೆಯವರೇ. ಮೂರು ವರ್ಷದಲ್ಲಿ ಒಂದು ಸಲವೂ ಅವರ ಬಾಯಿಂದ ‘ನೀನು’ ಬಂದದ್ದನ್ನು ನಾನು ಕೇಳಿರಲಿಲ್ಲ.

ಆ ವರ್ಷ ಮೇ ತಿಂಗಳ ಕೊನೆಯಲ್ಲಿ ಮೇಷ್ಟ್ರು ತರಗತಿಗೆ ಒಂದು ಕಾಗದ ಹಿಡಿದುಕೊಂಡು ಓಡಿಬಂದರು. ದೂರದ ದೊಡ್ಡ ಸಂಸ್ಥೆಯೊಂದು ನಮ್ಮ ಕಾಲೇಜಿನಲ್ಲಿ ಯುವ ಹವಾಮಾನ ಸಮಾವೇಶ ನಡೆಸುತ್ತದಂತೆ. ವಿದ್ಯಾರ್ಥಿಗಳು ಹದಿನೈದು ದಿನ ತಮ್ಮ ಊರಿನ ಮಳೆ ಅಳೆದು, ವೇದಿಕೆಯ ಮೇಲೆ ವರದಿ ಓದಬೇಕು. ಆಯ್ಕೆಯಾದ ಒಬ್ಬರಿಗೆ ಆರು ತಿಂಗಳು ಸಂಶೋಧನಾ ಹಡಗಿನಲ್ಲಿ ತೆಂಕಣ ಕಡಲಿಗೆ ಹೋಗಿ ಮುಂಗಾರು ಹುಟ್ಟುವುದನ್ನು ನೋಡುವ ಅವಕಾಶ.

ಅಲ್ಲಿಯವರೆಗೆ ನನಗೆ ಸಿಕ್ಕಿದ್ದ ಅವಕಾಶಗಳೆಂದರೆ ಗಿಡದ ಗುಂಡಿಗೆ ನೀರು ಹೊಯ್ಯುವುದು ಮತ್ತು ಅತಿಥಿಗಳಿಗೆ ಹಾರದ ತಟ್ಟೆ ಹಿಡಿಯುವುದು. ನಾನು ಕಡಲು ನೋಡಿರಲಿಲ್ಲ, ಬಸ್ಸಿನ ಕೊನೆಯ ಸ್ಟಾಪಿನ ಆಚೆಗೆ ಹೋಗಿರಲಿಲ್ಲ. ಇಲ್ಲಿಗೆ ಬರುವ ಮಳೆಯವರು ಎಲ್ಲಿ ಹುಟ್ಟುತ್ತಾರೆ, ಹುಟ್ಟುವಾಗಲೂ ಇಷ್ಟೇ ಬಿಗುಮಾನವೋ ಎಂದು ನೋಡುವ ಆಸೆ ನನಗೆ ಬೆಲ್ಲ ತಿನ್ನುತ್ತಿದ್ದ ಕಾಲದಿಂದ ಇತ್ತು. ನನಗೆ ಆ ಹಡಗು ಬೇಕೇ ಬೇಕಾಗಿತ್ತು. ನಮ್ಮ ಕಾಲೇಜಿನಿಂದ ಬೇರೆ ಯಾರೂ ಹೆಸರು ಕೊಡಲಿಲ್ಲ, ಹದಿನೈದು ದಿನ ಮಳೆಯವರ ಬಗ್ಗೆ ಬರೆದು ಒಂದು ಕಡೆಯೂ ತಪ್ಪದಿರುವ ಧೈರ್ಯ ಯಾರಿಗೂ ಇರಲಿಲ್ಲ.

ಮೈದಾನದ ಮಧ್ಯೆ ತಗಡಿನ ಮಳೆಮಾಪಕ ಇಟ್ಟುಕೊಂಡು ಕೂತೆ. ನನ್ನ ಪುಸ್ತಕ ಹೀಗೆ ತುಂಬತೊಡಗಿತು. ‘ಸೋಮವಾರ: ಮಳೆಯವರು ಮಧ್ಯಾಹ್ನ ಮೂರೂಕಾಲಿಗೆ ಆಗಮಿಸಿದರು. ಇಪ್ಪತ್ತು ನಿಮಿಷ ಇದ್ದು, ಹದಿನಾಲ್ಕು ಮಿಲಿಮೀಟರ್ ದಯಪಾಲಿಸಿ ಹೊರಟರು. ಮಂಗಳವಾರ: ಗುಡುಗಿನವರು ಬಂದು ವಿಚಾರಿಸಿಕೊಂಡು ಹೋದರು. ಮಳೆಯವರು ಬರಲಿಲ್ಲ. ಕಾರಣ ಕೇಳುವುದು ನಮಗೆ ಶೋಭೆಯಲ್ಲ.’ ಶುಕ್ರವಾರ ಮಾತ್ರ ನನಗೆ ಹೊಟ್ಟೆ ಉರಿದುಹೋಯಿತು. ಬೆಳಗಿನ ಏಳು ಗಂಟೆಯಿಂದ ಕಾಯುತ್ತಿದ್ದೆ. ಊಟಕ್ಕೆಂದು ಹತ್ತು ನಿಮಿಷ ಮನೆಗೆ ಹೋಗಿ ಬರುವಷ್ಟರಲ್ಲಿ ಮಳೆಯವರು ಬಂದು ಹೋಗಿದ್ದರು. ಮೈದಾನವೆಲ್ಲ ಕೆಸರು, ಮಾಪಕ ಒಂದು ಮಾತ್ರ ಒಣಗಿ ನಿಂತಿತ್ತು. ನಾನು ತುಟಿ ಕಚ್ಚಿಕೊಂಡು, ‘ಶುಕ್ರವಾರ: ಸೊನ್ನೆ. ಸುತ್ತಲ ನೆಲ ಒದ್ದೆ’ ಎಂದು ಬರೆದೆ.

ಸಮಾವೇಶಕ್ಕೆ ಮೂರು ದಿನ ಇರುವಾಗ ಬರಲಿದ್ದ ವಿಜ್ಞಾನಿಯ ಫೋನ್ ಬಂತು. ಅವರ ಹೆಸರು ಡಾಕ್ಟರ್ ಹೈಮವತಿ ಹೊನ್ನಾವರ. ಅದನ್ನು ಉಚ್ಚರಿಸಲು ಹೋಗಿ ಮೇಷ್ಟ್ರಿಗೆ ಉಬ್ಬಸ ಬಂದು, ಕೊನೆಗೆ “ಐಮವತಿ ಒನ್ನಾವರ ಅವರೇ” ಎಂದು ಕೈಮುಗಿದರು. ಅವರು ಹೇಳಿದ್ದಿಷ್ಟು: ವರದಿಯಲ್ಲಿ ಉಪಚಾರದ ಮಾತು ಬೇಡ, ಶುದ್ಧ ವೈಜ್ಞಾನಿಕ ಭಾಷೆ ಇರಲಿ, ಮಳೆ ಬಂತು ಎಂದರೆ ಬಂತು. ಮೇಷ್ಟ್ರು ಫೋನಿಟ್ಟು ಬೆವರಿದರು. ಮುಂದಿನ ವಾರ ರಾಗಿ ಬಿತ್ತನೆ. ಮಳೆಯವರ ಮುಖಕ್ಕೆ ಹೊಡೆದ ಹಾಗೆ ಹದಿನೈದು ಸಲ ‘ಬಂತು’ ಅಂದರೆ ಊರಿಗೆ ಮಣ್ಣೇ ಗತಿ. ಅನ್ನದಿದ್ದರೆ ನನ್ನ ಹಡಗು ಹೋಯಿತು.

ಮೇಷ್ಟ್ರು ರಾತ್ರಿಯೆಲ್ಲ ಯೋಚಿಸಿ ಬೆಳಿಗ್ಗೆ ಒಂದು ಉಪಾಯ ತಂದರು. ಹೊಸ ಬೀಗರು ಮನೆಗೆ ಬಂದಾಗ ನೀನು ಅನ್ನಬೇಕೋ ನೀವು ಅನ್ನಬೇಕೋ ತಿಳಿಯದೆ, ‘ಯಾವಾಗ ಬಂದದ್ದು? ಊಟ ಆಯ್ತಾ?’ ಎಂದು ನಾವು ಜಾರಿಕೊಳ್ಳುವುದಿಲ್ಲವೇ, ಹಾಗೆಯೇ ಜಾರಿಕೊಳ್ಳುವುದು. “ಮಳೆ ಬಂದದ್ದಾಯಿತು ಅಂತ ಓದಿ ಚೆಲುವಾಂಬೆಯವರೇ. ಬಂದೋರು ಯಾರು ಅಂತ ವ್ಯಾಕರಣಕ್ಕೂ ಗೊತ್ತಾಗ್ಬಾರ್ದು,” ಎಂದರು. ನಾನು ಇಡೀ ಪುಸ್ತಕವನ್ನು ಆಯಿತು, ಆಗಿದೆ, ಆದದ್ದು ಎಂದು ತಿದ್ದಿದೆ. ಓದಿದರೆ ಮಳೆಯ ವರದಿ ಹೋಗಿ ಪಂಚಾಯಿತಿ ನಡಾವಳಿಯಾಗಿತ್ತು.

ಸಮಾವೇಶದ ದಿನ ಬೆಳಿಗ್ಗೆ ಕಾಲೇಜಿಗೆ ಹೋದರೆ ಗೇಟಿನ ತನಕ ಜನ. ವಿದ್ಯಾರ್ಥಿಗಳು ಕಾರ್ಯಕ್ರಮಕ್ಕೆ ಬರುವುದು ಉಪ್ಪಿಟ್ಟಿದ್ದರೆ ಮಾತ್ರ. ಇಲ್ಲಿ ನೋಡಿದರೆ ಮುದುಕರು, ಮುದುಕಿಯರು, ಮಗ್ಗದವರು, ಟೈಲರ್ ಪುಟ್ಟಮಲ್ಲಪ್ಪ, ಎಲ್ಲರೂ ಇಸ್ತ್ರಿ ಬಟ್ಟೆ ಹಾಕಿಕೊಂಡು ಗಂಭೀರವಾಗಿ ನಿಂತಿದ್ದಾರೆ. ನಮ್ಮವ್ವನೂ ಇದ್ದಳು. ನಾನು ತಲೆ ಎತ್ತಿ ಬ್ಯಾನರ್ ನೋಡಿದೆ. ಮೇಷ್ಟ್ರು ಫೋನಿನಲ್ಲಿ ಹೇಳಿದ್ದನ್ನು ಪೇಂಟರ್ ದ್ಯಾವಣ್ಣ ಕಿವಿಗೆ ಬಿದ್ದ ಹಾಗೆ ಮೂರು ಬಣ್ಣದಲ್ಲಿ ಬರೆದಿದ್ದ: ‘ಯುವ ಅವಮಾನ ಸಮಾವೇಶ. ನಿಮ್ಮ ಅವಮಾನ ಅಳೆಯಿರಿ. ಎಲ್ಲರಿಗೂ ಆದರದ ಸ್ವಾಗತ.’ ಅವಮಾನ ಆಗದವರು ನಮ್ಮೂರಲ್ಲಿ ಯಾರಿದ್ದಾರೆ? ಸಭಾಂಗಣ ತುಂಬಿ ಕಿಟಕಿಗೂ ಜನ ಹತ್ತಿದರು. ಪಕ್ಕದ ಪಟ್ಟಣದ ಕಾಲೇಜಿನಿಂದ ಬಂದಿದ್ದ ನಿಶ್ಚಲ್ ಎಂಬ ಹುಡುಗ ಲ್ಯಾಪ್‌ಟಾಪ್ ತಬ್ಬಿಕೊಂಡು, “ನಿಮ್ಮೂರಲ್ಲಿ ಪರಿಸರ ಪ್ರಜ್ಞೆ ತುಂಬಾ ಇದೆ,” ಎಂದ. ಅವನೇ ನನ್ನ ಎದುರಾಳಿ.

ಹೈಮವತಿ ಮೇಡಂ ಖುಷಿಯಾಗಿ ಮೈಕ್ ಹಿಡಿದು, “ಮೊದಲು ನಿಮ್ಮ ಅನುಭವ ಕೇಳೋಣ. ನಿಮ್ಮ ಊರಿನಲ್ಲಿ ಹವಾಮಾನ ಯಾವಾಗಿನಿಂದ ಬದಲಾಗಿದೆ?” ಎಂದರು. ಹಿಂದಿನ ಸಾಲಿನಿಂದ ಒಬ್ಬ ಎದ್ದು, “ಅವ್ಮಾನವಾ? ನನ್ ಮದ್ವೆ ಆದಾಗ್ಲಿಂದ ಸುರು ಕಣ್ರವ್ವ,” ಎಂದ. ಪುಟ್ಟಮಲ್ಲಪ್ಪ ಒಂದು ಲಗ್ನಪತ್ರಿಕೆ ಬಿಚ್ಚಿ, ಸ್ವಂತ ದಾಯಾದಿಗಳು ‘ಸುಖಾಗಮನ ಬಯಸುವವರು’ ಪಟ್ಟಿಯಲ್ಲಿ ತನ್ನ ಹೆಸರು ಬಿಟ್ಟು ಹಾಲು ಹಾಕುವವನ ಹೆಸರು ಹಾಕಿದ್ದನ್ನು ತೋರಿಸಿ ಕಣ್ಣೊರೆಸಿಕೊಂಡ. ನಮ್ಮವ್ವ ಮೈಕನ್ನೇ ಕಿತ್ತುಕೊಂಡು, “ನಮ್ ನಾದ್ನಿ ಮದ್ವೇಲಿ ಒಬ್ಬಟ್ಟು ನನ್ನ ಎಲೆ ತಂಕ ಬಂತು ತಾಯಿ, ಆಮೇಲ್ ಇಂದಕ್ ಓಯ್ತು. ಇಪ್ಪತ್ತೆಂಟ್ ವರ್ಷ ಆಯ್ತು, ಇನ್ನೂ ಬಂದಿಲ್ಲ,” ಎಂದಳು. ಮೇಡಂ ಇದೆಲ್ಲ ಸ್ಥಳೀಯ ಜ್ಞಾನವೆಂದು ತಿಳಿದು, ‘ಒಬ್ಬಟ್ಟು ಹಿಂದಕ್ಕೆ: ಬೇಳೆ ಇಳುವರಿ ಕುಸಿತ?’ ಎಂದು ಬರೆದುಕೊಂಡರು. ನಾನು ಪಕ್ಕದಲ್ಲೇ ಕೂತಿದ್ದರಿಂದ ಅದನ್ನು ಕಣ್ಣಾರೆ ನೋಡಿದೆ.

ಆಮೇಲೆ ಅವರು ಭಾಷಣ ಶುರುಮಾಡಿದರು. “ಮಳೆ ಮೊದಲಿನ ಹಾಗೆ ಇಲ್ಲ. ಮಳೆಗೆ ಹೊತ್ತು ಗೊತ್ತಿಲ್ಲ, ಶಿಸ್ತಿಲ್ಲ. ಎಷ್ಟೋ ಕಡೆ ಮಳೆ ಕೈಕೊಟ್ಟಿದೆ.” ಒಂದೊಂದು ವಾಕ್ಯಕ್ಕೂ ಇಡೀ ಸಭೆ ತಪ್ಪಾಯಿತು ತಪ್ಪಾಯಿತು ಎಂದು ಕೆನ್ನೆ ಬಡಿದುಕೊಂಡಿತು. ಮೇಡಂ ಚಪ್ಪಾಳೆ ಎಂದುಕೊಂಡು ಇನ್ನೂ ಹುರುಪಾದರು. ಹೊರಗೆ ಕತ್ತಲಾಯಿತು. ಬಾಗಿಲಲ್ಲಿ ತಣ್ಣಗೆ ಗಾಳಿಯಾಡಿತು. ಮಳೆಯವರು ಒಳಗೆ ಬಂದರು. ಸಾಲುಗಳ ನಡುವೆ ಯಾರ ಮೇಲೂ ಒಂದು ಹನಿ ಬೀಳದ ಹಾಗೆ ನಡೆದು ಬಂದು, ಅಧ್ಯಕ್ಷರಿಗೆಂದು ಖಾಲಿ ಬಿಟ್ಟಿದ್ದ ಕುರ್ಚಿಯ ಮೇಲೆ ಕೂತು, ಆ ಕುರ್ಚಿಯ ಮೇಲಷ್ಟೇ ಜಿಟಿಜಿಟಿ ಸುರಿಯತೊಡಗಿದರು. ಬ್ಯಾನರ್ ಅವರ ಕಣ್ಣಿಗೂ ಬಿದ್ದಿತ್ತು. ಅವಮಾನ ಹೇಳಿಕೊಳ್ಳಲು ಬಂದವರಲ್ಲಿ ಅವರೂ ಒಬ್ಬರು.

“ಸೂರು ಸೋರ್ತಾ ಇದೆ,” ಎಂದರು ಮೇಡಂ. ಮೇಷ್ಟ್ರು ಕುರ್ಚಿಗೆ ಕೈಮುಗಿದು, “ಇಲ್ಲ ಮೇಡಂ, ಮಳೆಯೋರು ಕುಂತವ್ರೆ. ಎಲ್ರೂ ಒಂದ್ಸಲ ಎದ್ ನಿಂತ್ಕಳಿ,” ಎಂದರು. ಎಲ್ಲರೂ ಎದ್ದು ಕೂತೆವು. ನಿಶ್ಚಲ್ ತನ್ನ ವರದಿ ಓದಿದ. ಅವರೂರಿನ ಮಳೆಗೆ ಕಿವಿ ಇಲ್ಲದ್ದರಿಂದ ಅವನಿಗೆ ಯಾವ ಭಯವೂ ಇರಲಿಲ್ಲ. ಬಂತು, ಹೋಯಿತು, ನಿಂತಿತು ಎಂದು ಬಣ್ಣಬಣ್ಣದ ನಕ್ಷೆ ತೋರಿಸಿದ. ಕುರ್ಚಿಯ ಮೇಲೆ ಜಿಟಿಜಿಟಿ ಹೋಗಿ ಧೋ ಎನ್ನತೊಡಗಿತು.

ನನ್ನ ಸರದಿ ಬಂತು. ನಾಲ್ಕು ಹೆಜ್ಜೆ ದೂರದಲ್ಲಿ ಮಳೆಯವರು ಕೂತಿದ್ದಾರೆ, ಪಕ್ಕದಲ್ಲಿ ಮೇಡಂ ಪೆನ್ನು ಹಿಡಿದಿದ್ದಾರೆ. “ಸೋಮವಾರ ಮೂರೂಕಾಲಿಗೆ ಮಳೆ ಆದದ್ದಾಯಿತು. ಅದಿನಾಲ್ಕು ಮಿಲಿಮೀಟರ್ ಬಿದ್ದದ್ದಾಯಿತು. ಮಂಗಳವಾರ ಬಾರದಿರುವಿಕೆ ಉಂಟಾಯಿತು.” ಹೀಗೆ ಜಾರಿಕೊಂಡು ಜಾರಿಕೊಂಡು ಶುಕ್ರವಾರದವರೆಗೆ ತಲುಪಿದೆ. ಮೇಡಂ ಕೈ ಎತ್ತಿದರು. “ನಿಲ್ಲಿಸಮ್ಮಾ. ಆಯಿತು, ಉಂಟಾಯಿತು, ಇದೇನು ಭಾಷೆ? ಶುಕ್ರವಾರ ಸೊನ್ನೆ ಅಂತೀಯ, ಸುತ್ತಲ ನೆಲ ಒದ್ದೆ ಅಂತೀಯ. ನೇರವಾಗಿ ಹೇಳು, ಅವತ್ತು ಮಳೆ ಬಂತಾ, ಬರಲಿಲ್ವಾ?”

ಬಂತು ಎಂದರೆ ಊರಿನ ರಾಗಿ ಹೋಯಿತು, ಬಂದರು ಎಂದರೆ ನನ್ನ ಕಡಲು ಹೋಯಿತು. ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ನನಗೆ ಆ ಶುಕ್ರವಾರದ ಹೊಟ್ಟೆಯುರಿ ಮತ್ತೆ ಕುದಿದು ಬಂತು. ನಾನು ಕುರ್ಚಿಯ ಕಡೆಗೇ ತಿರುಗಿದೆ.

“ಏಯ್, ನೀನೇ ಯೋಳು ಈಗ! ಬೆಳಿಗ್ಗೆ ಏಳ್ ಗಂಟೆಯಿಂದ ಡಬ್ಬ ಇಟ್ಕೊಂಡು ನಿನ್ನೇ ಕಾಯ್ತಾ ಕುಂತಿದ್ನಲ್ಲೋ! ನೀರ್ ಕುಡೀನಿಲ್ಲ, ಮೇಲಕ್ ಏಳ್ನಿಲ್ಲ. ಎರಡ್ ತುತ್ತು ತಿಂದ್ಕೊ ಬರಾನ ಅಂತ ಮನೀಗ್ ಓದ್ರೆ, ಬಂದು ಊರೆಲ್ಲ ನೆನಸ್ಬುಟ್ಟು ಡಬ್ಬ ಒಂದ್ ಬುಟ್ಟು ಓಗಿದೀಯಲ್ಲೋ! ನಾನೇನ್ ಮಾಡಿದ್ದೆ ನಿಂಗೆ? ನಿಂಗೋಸ್ಕರಾನೇ ಅಲ್ವೇನೋ ನಾನ್ ಕಾದಿದ್ದು?”

ಕುರ್ಚಿಯ ಮೇಲಿನ ಸದ್ದು ತಟ್ಟನೆ ನಿಂತಿತು. ಮುಗಿಯಿತು, ಹಡಗೂ ಹೋಯಿತು, ರಾಗಿಯೂ ಹೋಯಿತು ಎಂದುಕೊಂಡೆ. ಆಗ ಮಳೆ ಕುರ್ಚಿಯಿಂದ ಎದ್ದು ವೇದಿಕೆ ಹತ್ತಿ ಬಂತು. ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನ ಹಾಗೆ ಸ್ವಲ್ಪ ಹೊತ್ತು ನನ್ನ ಮುಂದೆ ಸುಮ್ಮನೆ ತೂಗಾಡಿತು. ಆಮೇಲೆ ನನ್ನ ನೆತ್ತಿಯ ಮೇಲೆ, ಉಗುರುಬೆಚ್ಚಗೆ, ಸಣ್ಣಗೆ ಸುರಿಯಿತು. ಅದರಲ್ಲಿ ಸಿಟ್ಟಿರಲಿಲ್ಲ. ಅಷ್ಟು ವರ್ಷ ಊರಿಡೀ ಕೈಮುಗಿದಿತ್ತೇ ಹೊರತು ‘ಯಾಕೋ ಇಷ್ಟು ತಡ ಮಾಡ್ದೆ?’ ಎಂದು ಯಾರೂ ಅದನ್ನು ಕೇಳಿರಲಿಲ್ಲ. ಮೊದಲ ಸಾಲಿನಲ್ಲಿ ನಮ್ಮವ್ವ ಸೆರಗಿನಿಂದ ಮೂಗು ಒರೆಸಿಕೊಂಡು, “ದ್ಯಾವ್ರಿಗೇ ನೀನು ಅಂತೀವಿ, ಎತ್ತವ್ವಂಗೇ ನೀನು ಅಂತೀವಿ. ಇದ್ನ್ ಯಾಕ್ ನೀವು ನೀವು ಅಂದು ಒರಗ್ ಕೂರಿಸ್ದೋ ಕಾಣೆ,” ಎಂದಳು.

ಹೈಮವತಿ ಮೇಡಂ ಮಾಪಕವನ್ನು ನನ್ನ ತಲೆಯ ಮೇಲಿಟ್ಟು ಅಳೆದರು. ನಾಲ್ಕು ನಿಮಿಷಕ್ಕೆ ಇಪ್ಪತ್ತೆರಡು ಮಿಲಿಮೀಟರ್, ಒಂದು ತಲೆಗೆ. ಇಂಥ ಸ್ಥಳೀಯ ಮಳೆಯನ್ನು ತಮ್ಮ ಸೇವಾವಧಿಯಲ್ಲೇ ನೋಡಿಲ್ಲವೆಂದು ಹೇಳಿ, ಅಲ್ಲೇ ನನ್ನ ಹೆಸರು ಘೋಷಿಸಿದರು. ನಿಶ್ಚಲ್ ಸೀನುತ್ತಲೇ ಚಪ್ಪಾಳೆ ತಟ್ಟಿದ. ಒಳ್ಳೆಯ ಹುಡುಗ.

ನಿಜವಾದ ತಾಪತ್ರಯ ಶುರುವಾದದ್ದು ಆಮೇಲೆ. ಮಳೆ ನನ್ನನ್ನು ಬಿಡಲೊಲ್ಲದು. ಅಂಗಡಿಗೆ ಹೋದರೆ ಅಂಗಡಿಗೆ, ಕಾಲೇಜಿಗೆ ಹೋದರೆ ಕಾಲೇಜಿಗೆ. ಗ್ರಂಥಾಲಯದವರು ನನ್ನನ್ನು ಬಾಗಿಲಲ್ಲೇ ತಡೆದರು. ಊರಿನ ಬೇರೆಲ್ಲೂ ಒಂದು ಹನಿ ಇಲ್ಲ. ರೈತರು ಬೆಳಿಗ್ಗೆಯೇ ಬಾಗಿಲಿಗೆ ಬಂದು, “ಚೆಲುವವ್ವ, ಒಸಿ ನಮ್ಮೊಲದ್ ಕಡೆ ವಾಕಿಂಗ್ ಬಂದ್ಬುಡು,” ಎಂದು ಸರದಿ ನಿಂತರು. ನಾನು ಸಾಲುಸಾಲಾಗಿ ಹೊಲ ಸುತ್ತಿ ಕಾಲು ಬೊಬ್ಬೆ ಬಂದರೂ ಊರಿನ ಕಾಲು ಭಾಗವೂ ನೆನೆಯಲಿಲ್ಲ. ಗುರುವಾರ ನಾನು ಹಡಗಿನ ಬಂದರಿಗೆ ಹೊರಡಬೇಕು. ನಾನು ಹೋದರೆ ಮಳೆಯೂ ನನ್ನ ಜೊತೆ ಹೊರಡುವುದು ಖಂಡಿತ. ಹೋಗುವುದೇ ಬೇಡ ಎಂದು ಕೆಲವರು ಬಾಯಿ ಬಿಟ್ಟೇ ಹೇಳಿದರು.

ಮರಿಮಾದಯ್ಯ ಮೇಷ್ಟ್ರು ಒಪ್ಪಲಿಲ್ಲ. “ಚೆಲುವಾಂಬೆಯವರು ಓಗ್ಲೇಬೇಕು. ಅವರ್ ಮಾತಾಡ್ಸಿದಂಗೆ ನಾವೂ ಮಾತಾಡ್ಸಿ ಮಳೆಯೋರನ್ನ ಉಳಿಸ್ಕೊಳಾನ,” ಎಂದು ಸಂಜೆ ನಾಲ್ಕಕ್ಕೆ ಕಾಲೇಜಿನಲ್ಲಿ ಏಕವಚನದ ತರಗತಿ ತೆರೆದರು. ಕಲಿಸುವವರಿಗೇ ಬಾರದ ವಿದ್ಯೆ. ಊರಿಗೆ ಊರೇ ಬೆಂಚಿನ ಮೇಲೆ ಕೂತು, “ಬಾ... ಬಾ... ಬನ್ನಿ,” ಎಂದು ತೊದಲಿತು. ಪುಟ್ಟಮಲ್ಲಪ್ಪ ಕಷ್ಟಪಟ್ಟು ‘ಬಾರೋ’ ಅಂದವನು ಮರುಕ್ಷಣವೇ ಅಡ್ಡಬಿದ್ದು ಕ್ಷಮೆ ಕೇಳಿದ. ನನ್ನ ಪಕ್ಕದಲ್ಲಿ ಕೂತ ಮಳೆ ಅಲುಗಲೇ ಇಲ್ಲ. ಬಾಯಿಪಾಠದ ಸಲಿಗೆ ಅದಕ್ಕೂ ಗೊತ್ತಾಗುತ್ತಿತ್ತು.

ಗುರುವಾರ ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಇಡೀ ಊರು ಸೇರಿತ್ತು. ನಾನು ಹತ್ತಿದೆ, ಮಳೆಯೂ ಹತ್ತಿ ಕಿಟಕಿಯ ಪಕ್ಕದ ಸೀಟು ಹಿಡಿಯಿತು. ಕಂಡಕ್ಟರ್, “ಇದು ಲಗೇಜಾ, ಪ್ಯಾಸೆಂಜರ್ರಾ?” ಎಂದು ತಲೆ ಕೆರೆದುಕೊಂಡ. ಕೆಳಗಿನಿಂದ ಒಬ್ಬೊಬ್ಬರೇ ಬಂದು ಕಲಿತ ಪಾಠ ಒಪ್ಪಿಸಿದರು. ಬಾರೋ, ಬಾರೇ, ಬಾರಪ್ಪಾ. ಮಳೆ ಮುಖ ತಿರುಗಿಸಿ ಕೂತಿತ್ತು. ನಮ್ಮವ್ವನಿಗೆ ಸಲಿಗೆ ಇತ್ತು, ಆದರೆ ಅವಳು ಕರೆಯಲೊಲ್ಲಳು. “ಓಗ್ಲಿ ಬುಡಿ, ನನ್ ಮಗೀಗೆ ಜೊತೆ ಆಯ್ತದೆ,” ಎಂದು ಬುತ್ತಿಗೆ ಒಂದರ ಮೇಲೊಂದು ಪ್ಲಾಸ್ಟಿಕ್ ಸುತ್ತುತ್ತಿದ್ದಳು. “ಇಳಿಯೋ, ನೀನ್ ಬಂದ್ರೆ ಇವ್ರೆಲ್ಲ ಏನ್ ತಿನ್ಬೇಕೋ?” ಎಂದು ನಾನೇ ಬೈದೆ. ಅದು ನನ್ನ ಕಡೆ ಇನ್ನೂ ಒತ್ತಿಕೊಂಡಿತು. ಕಿಟಕಿಯಾಚೆ ಜನರ ಮುಖ ನೋಡಿದೆ. ಯಾರೂ ನನ್ನನ್ನು ಬೈಯುತ್ತಿರಲಿಲ್ಲ, ಅದೇ ನನಗೆ ತಡೆಯಲಾಗಲಿಲ್ಲ. ಇವರ ಮಳೆಯನ್ನು ಕಿತ್ತುಕೊಂಡು ಹೋಗಿ ನಾನು ಯಾವ ಮುಂಗಾರು ನೋಡಲಿ? ಅಳುತ್ತ ಎದ್ದು ಬ್ಯಾಗು ಕೆಳಗಿಳಿಸಿದೆ.

ಮೇಷ್ಟ್ರು ಬಸ್ ಹತ್ತಿ ಬಂದರು. ನನ್ನ ಕೈಯಿಂದ ಬ್ಯಾಗು ಕಸಿದು ಮತ್ತೆ ಮೇಲಿಟ್ಟರು. “ಚೆಲುವಾಂಬೆಯವರೇ, ನೀವು...” ಎಂದರು. ಕನ್ನಡಕ ತೆಗೆದರು, ಹಾಕಿಕೊಂಡರು. ಡ್ರೈವರ್ ಚೌಡಯ್ಯ ಹಾರನ್ ಹೊಡೆದ. ಮೇಷ್ಟ್ರು ನನ್ನ ಒದ್ದೆ ತಲೆಯ ಮೇಲೆ ಕೈಯಿಟ್ಟರು, ಮುಖ ಕಿವುಚಿಕೊಂಡು ಅತ್ತೇಬಿಟ್ಟರು.

“ಓಗ್ ಬಾ ಮಗಾ,” ಎಂದರು.

ಹೇಳಿ ಹಿಂತಿರುಗಿ ನೋಡದೆ ಮೆಟ್ಟಿಲಿಳಿದರು. ನನ್ನ ಪಕ್ಕದ ಸೀಟು ಅಲುಗಿತು. ಮಳೆ ಎದ್ದು ನಿಂತು ಅವರ ಬೆನ್ನನ್ನೇ ನೋಡಿತು, ಆಮೇಲೆ ಅವರ ಹಿಂದೆಯೇ ಇಳಿದುಹೋಯಿತು. ಬಸ್ಸು ಹೊರಟಿತು. ಹಿಂದಿನ ಗಾಜಿನಲ್ಲಿ ನೋಡಿದೆ: ಸ್ಟ್ಯಾಂಡು, ಜನ, ಆಚೆಯ ಹೊಲಗಳೆಲ್ಲ ಧೋ ಎಂದು ನೆನೆಯುತ್ತಿವೆ, ಮೇಷ್ಟ್ರು ಕೊಡೆ ಮಡಿಸಿ ಹಿಡಿದು ನಡುವೆ ನಿಂತಿದ್ದಾರೆ. ಅವರು ನಮ್ಮಿಬ್ಬರಿಗೂ ಸೇರಿಸಿ ಆ ಒಂದೇ ಮಾತು ಹೇಳಿದ್ದರು. ‘ಓಗ್’ ಅನ್ನುವುದನ್ನು ನಾನು ತೆಗೆದುಕೊಂಡೆ, ‘ಬಾ’ ಅನ್ನುವುದನ್ನು ಮಳೆ ತೆಗೆದುಕೊಂಡಿತು.